ತೊಡೆಯೋ ಕಣಕಾಲೋ

ನವಲಿಯ ಹೊನ್ನೂರಪ್ಪನ ಪಡಸಾಲೆಯಲ್ಲಿ ಬೀಗರಾಗಬೇಕಾದವರು ಚಹಾ ಮರೆತು ಹೆಣ್ಣಿನ ಎಲುಬಿನ ವಿಚಾರದಲ್ಲಿ ಮುಳುಗಿದ್ದರು. ಆ ಹೆಣ್ಣು, ಹೊನ್ನೂರಪ್ಪನ ಮಗಳು ರಂಜಿತಾ, ಬಾಗಿಲಿಗೆ ಆತುಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಮೊದಲ ತಪ್ಪು ಅವ್ವನದೇ. ಫೋಟೋ ತೆಗೆಸುವಾಗ ಮಾರೆವ್ವ ಗಿಡ್ಡನೆಯ ಮಗಳನ್ನು ಮಣೆಯ ಮೇಲೆ ನಿಲ್ಲಿಸಿ, ಸೀರೆಯ ನೆರಿಗೆ ಇಳಿಬಿಟ್ಟು ಮಣೆಯನ್ನು ಮುಚ್ಚಿದ್ದಳು. ಕನ್ಯೆ ನೋಡಲು ಬಂದವರ ಮುಂದೆ ನಡೆದು ಬರುವಾಗ ಮಣೆಯೂ ಜೊತೆಗೆ ಬಂದೀತೇ? ಯಲಬುರ್ಗಾ ಕಡೆಯ ಮಂಗಳೂರಿನ ವರ ಗಾಳೇಶ ಆಗ ಏನೂ ಹೇಳದೆ ಹೋಗಿದ್ದ. ಇಂದು ಅವನ ಅಕ್ಕ ರೇಣುಕಾ ಅವನನ್ನೂ ಕರೆದುಕೊಂಡು, ಯಾವುದೋ ದೊಡ್ಡ ಊರಿನ ಆಸ್ಪತ್ರೆಯ ಕಾಗದ ಹಿಡಿದು ಬಂದಿದ್ದಳು. ಎಲುಬು ಕತ್ತರಿಸಿ, ದಿನವೂ ಚೂರುಚೂರೇ ಎಳೆದು, ಮೂರು ಇಂಚು ಉದ್ದ ಮಾಡುತ್ತಾರಂತೆ.

“ವರದಕ್ಷಿಣಿ ನಮಗ ಬ್ಯಾಡ್ರಿ. ಅದ ರೊಕ್ಕ ಕಾಲಿಗೆ ಹಾಕ್ರಿ,” ಎಂದಳು ರೇಣುಕಾ. “ಕಣಕಾಲಿನ ಎಲುಬು ಛಲೋ. ಕಾಲು ಉದ್ದಕ ಕಾಣತಾವ.”

“ಅದು ಕೂಡಾಕ ಭಾಳ ದಿನ ಬೇಕಂತ. ತೊಡಿದಾದ್ರ ಲಗೂ ಕೂಡತೈತಿ,” ಎಂದ ಹೊನ್ನೂರಪ್ಪ.

ಇವರ ಬೇಡಿಕೆ ಮೊದಲೇ ಕೇಳಿ ಅಪ್ಪನೂ ಎಲ್ಲೋ ವಿಚಾರಿಸಿಟ್ಟಿದ್ದಾನೆಂದು ತಿಳಿದು ರಂಜಿತಾಳ ಮೈಯೆಲ್ಲ ಉರಿಯಿತು. ಊರಿನ ನಾಟಿ ಗುಂಪಿಗೆ ಅವಳೇ ಮುಂದಾಳು. ಕೆಸರಿನಲ್ಲಿ ಬಾಗಿ, ಹಿಂದಹಿಂದಕ್ಕೆ ಸರಿಯುತ್ತ ಅವಳು ಸಸಿ ಹಚ್ಚಿದರೆ ಹದಿನೈದು ಹೆಂಗಸರು ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದರು. ಆ ಕಾಲುಗಳನ್ನು ಇವರು ಸಂತೆಯ ಬದನೆಕಾಯಿಯಂತೆ ಆರಿಸುತ್ತಿದ್ದರು. ಆದರೆ ವಯಸ್ಸು ಇಪ್ಪತ್ತೆಂಟು ದಾಟಿತ್ತು. ಇದು ತಪ್ಪಿದರೆ ಇನ್ನೊಂದು ಸಂಬಂಧ ಬರುವ ಭರವಸೆ ಇರಲಿಲ್ಲ.

“ಮತ್ತ ನಾನು ನಾಟಿಗೆ ಇಳಿಯೋದು ಯಾವಾಗ?” ಎಂದಳು.

“ನಾಟಿ ಮಾತು ಬಿಡವಾ. ಮೊದಲ ಕೋಲು ಹಿಡದು ನಡಿಯಾಕ ಕಲೀಬೇಕು,” ಎಂದಳು ರೇಣುಕಾ.

ರಂಜಿತಾ ಗಾಳೇಶನ ಕಡೆ ತಿರುಗಿದಳು. “ನೀವ ಹೇಳ್ರಿ. ಯಾವ ಎಲುಬು ಮುರಸ್ಲಿ?”

ಬೇಡ ಎಂಬ ಒಂದೇ ಮಾತು ಸಾಕಾಗಿತ್ತು. ಅವನು ನೆಲ ನೋಡುತ್ತ, “ಜೋಡಿಲೆ ನಿಂತಾಗ ಮಂದಿ ನಗಬಾರದು ನೋಡು. ತೊಡಿದ ಮಾಡಿಸು,” ಎಂದ.

“ನಗಾವ್ರು ಮಂದಿ, ಮುರಿಯೋದು ನನ್ನ ಕಾಲೇನು? ತೊಡಿನೂ ಇಲ್ಲ, ಕಣಕಾಲೂ ಇಲ್ಲ. ನಾ ಇಷ್ಟ ಅದೀನಿ, ಇಷ್ಟ ಇರತೀನಿ.”

ರೇಣುಕಾಳ ಮುಖ ಕೆಂಪಾಯಿತು. “ಹಿರ್ಯಾರ ಮುಂದ ಎಂಥಾ ಮಾತಿದು? ನೀವರ ಬುದ್ಧಿ ಹೇಳ್ರಿ, ಹೊನ್ನೂರಪ್ಪನವರ. ಈಕಿಗೆ ಮತ್ತ್ಯಾರು ಸಿಗತಾರ?”

ಹೊನ್ನೂರಪ್ಪ ಮಗಳ ಮುಖ ನೋಡಿದ. ಆಮೇಲೆ ಎದ್ದು ನಿಂತ.

“ನನ್ನ ಮಗಳು ಹತ್ತು ತಿಂಗಳಿಗೇ ನಡಿಯಾಕ ಕಲತಾಳ್ರಿ. ಮತ್ತೊಮ್ಮೆ ಕಲಸಂಗಿಲ್ಲ,” ಎಂದವನೇ ಹೊರಗೆ ಹೋಗಿ, ಬಂದವರ ಚಪ್ಪಲಿಗಳನ್ನು ಒಂದೊಂದಾಗಿ ರಸ್ತೆಯ ಕಡೆ ಮುಖ ಮಾಡಿ ಇಟ್ಟ.