ಹಲ್ಲಿಗೆ ಸಿಕ್ಕ ಉಣ್ಣೆ

ಬೆಳಿಗ್ಗೆ ಅಜ್ಜಿಯ ದೊಡ್ಡಿಯಲ್ಲಿ ಕುರಿಗಳು ಸತ್ತು ಬಿದ್ದಿದ್ದವು. ತಿಂದದ್ದಲ್ಲ, ಬರೀ ಕೊಂದದ್ದು. ಒಂದರ ಗಂಟಲು ಕಿತ್ತು, ಅದನ್ನು ಅಲ್ಲೇ ಬಿಟ್ಟು, ಇನ್ನೊಂದಕ್ಕೆ ಹಾರಿದ ಗುರುತು. ಗಬ್ಬದ ಕುರಿಯೊಂದು ಇನ್ನೂ ಕಾಲು ಬಡಿಯುತ್ತಿತ್ತು. ಮೊಮ್ಮಗ ಹರ್ಮನ್ ಮಂಡಿಯೂರಿ ಅದರ ಕುತ್ತಿಗೆ ಕುಯ್ದು ಮುಗಿಸಿದ.

ಹಸಿದ ಕಾಡುಪ್ರಾಣಿ ಒಂದನ್ನು ಹೊತ್ತುಕೊಂಡು ಹೋಗುತ್ತದೆ, ಆಟಕ್ಕೆ ಕೊಲ್ಲುವುದು ನಾಯಿ ಮಾತ್ರ. ಬ್ಲ್ಯಾಕ್ ಮೇಸಾ ಬೆಟ್ಟಸೀಮೆಯ ನವಾಹೊ ಬುಡಕಟ್ಟಿನ ಕುರಿಗಾಹಿಗಳಲ್ಲಿ ಇದು ಹಾಲುಗಲ್ಲದ ಮಗುವಿಗೂ ಗೊತ್ತು. ಒಮ್ಮೆ ರುಚಿ ಹತ್ತಿದ ನಾಯಿಯನ್ನು ಸಾಕಿದವನೇ, ಅದೇ ದಿನ, ಕೊಲ್ಲಬೇಕು. ಅವನು ಕೊಲ್ಲದಿದ್ದರೆ ಕುರಿಯವರು ಕೊಲ್ಲುತ್ತಾರೆ. ಯಾವ ನಾಯಿ ಎಂದು ಸಂಶಯವಿದ್ದರೆ ಬಾಯಿ ಬಿಡಿಸಿ ನೋಡುತ್ತಾರೆ.

ಕೆಲ್ವಿನ್ ತನ್ನ ನಾಯಿಯನ್ನು ಟ್ರಕ್ಕಿನ ಮರೆಗೆ ಕರೆದೊಯ್ದು ಬಾಯಿ ಬಿಡಿಸಿದ. ಕೋರೆಹಲ್ಲಿನ ಸಂದಿಯಲ್ಲಿ ಉಣ್ಣೆ ಸಿಕ್ಕಿಕೊಂಡಿತ್ತು, ಕೆಂಪಗೆ. ಬೆರಳಿನಿಂದ ಕಿತ್ತು ಮಣ್ಣಿಗೆ ತುಳಿದ. ನಾಯಿ ಅವನ ಮಣಿಕಟ್ಟು ನೆಕ್ಕಿತು. ಅದರ ಹೆಸರು ಮೋಸಿ. ಅವರ ಮಾತಿನಲ್ಲಿ ಮೋಸಿ ಎಂದರೆ ಬೆಕ್ಕು. ಮರಿಯಾಗಿದ್ದಾಗ ಅಷ್ಟೇ ಇತ್ತಂತೆ.

"ಎಲ್ಲಪ್ಪಾ ನಿನ್ ಬೆಕ್ಕು?" ಎಂದು ಹರ್ಮನ್ ದೊಡ್ಡಿಯಿಂದ ಕೂಗಿದ. ಹರ್ಮನ್ ಅವನ ದೊಡ್ಡಮ್ಮನ ಮಗ. ಅವರಲ್ಲಿ ದೊಡ್ಡಮ್ಮನ ಮಗ ಎಂದರೆ ಸ್ವಂತ ಅಣ್ಣ.

"ನೋಡ್ದೆ ಕಣಣ್ಣ. ಬಾಯಲ್ಲಿ ಏನೂ ಇಲ್ಲ."

"ಇಲ್ಲಿಗೆ ಕರ್ಕೊಂಡ್ ಬಾ, ನಾನೂ ಒಂದ್ಸಲ ನೋಡ್ತೀನಿ."

ಕೆಲ್ವಿನ್ ಬರಲಿಲ್ಲ. ಎರಡು ವರ್ಷದ ಹಿಂದೆ ಹಿಮದಲ್ಲಿ ಅವನ ಟ್ರಕ್ಕು ಹಳ್ಳಕ್ಕೆ ಮಗುಚಿ, ಕಾಲು ಸಿಕ್ಕಿಬಿದ್ದಾಗ, ಯಾರಾದರೂ ಬರುವವರೆಗೂ ಎದೆಯ ಮೇಲೆ ಮಲಗಿ ಬೆಚ್ಚಗಿಟ್ಟದ್ದು ಈ ನಾಯಿ. ಅದರ ಹಣೆಗೆ ಬಂದೂಕು ಇಡುವುದು ಅವನಿಂದ ಆಗದ ಮಾತು. ಮೋಸಿಯನ್ನು ಸೀಟಿಗೆ ಹತ್ತಿಸಿ ಗಾಡಿ ಬಿಟ್ಟ. ಮೆಕ್ಸಿಕೊ ಗಡಿಯ ಹತ್ತಿರ, ಆಹೊ ಎಂಬ ಊರಲ್ಲಿ, ಹಳೆಯ ಗೆಳೆಯನೊಬ್ಬನಿದ್ದ. ಅಲ್ಲಿ ಕಳ್ಳಿಗಿಡ ಬಿಟ್ಟರೆ ಬೇರೇನೂ ಇಲ್ಲ, ಕುರಿಯ ವಾಸನೆಯೂ ಇಲ್ಲ. ಅಲ್ಲಿ ಮುಟ್ಟಿಸಿದರೆ ನಾಯಿ ಬದುಕುತ್ತದೆ.

ಟೂಬಾ ಸಿಟಿಯ ರಸ್ತೆ ಬದಿಯಲ್ಲಿ ಕರಿದ ರೊಟ್ಟಿಯೊಳಗೆ ಸುಟ್ಟ ಕುರಿಮಾಂಸ ಸುತ್ತಿಸಿಕೊಂಡ. ಮೋಸಿ ಮೂಗು ಚಾಚಿತು. "ಅಯ್ಯೋ ಮುಂಡೇದೆ, ನಿನಗಿನ್ನೂ ಸಾಕಾಗಿಲ್ವಾ?" ಎಂದು ಬೈದು, ರೊಟ್ಟಿಯನ್ನಷ್ಟೇ ಹರಿದು ಕೊಟ್ಟ. ಕಿಟಕಿಯಾಚೆ ಮಣ್ಣುದಿಬ್ಬಗಳು ಕೆಂಪಗೆ, ಬೂದಿಬಣ್ಣಕ್ಕೆ, ಮತ್ತೆ ಕೆಂಪಗೆ ತಿರುಗುತ್ತಿದ್ದವು. ನಾಯಿ ಅವನ ತೊಡೆಯ ಮೇಲೆ ಗದ್ದ ಊರಿ ನಿದ್ದೆಹೋಯಿತು. ಎಲ್ಲ ಸರಿಹೋಯಿತು ಎಂದುಕೊಂಡ ಪುಣ್ಯಾತ್ಮ.

ದಕ್ಷಿಣಕ್ಕೆ ಇರುವುದು ಒಂದೇ ರಸ್ತೆ. ಕ್ಯಾಮರನ್ ಊರು ದಾಟಿ ನಾಯಿಗೆ ಉಚ್ಚೆ ಹೊಯ್ಯಿಸಲು ನಿಲ್ಲಿಸಿದಾಗ ಹರ್ಮನ್ನನ ಗಾಡಿ ಬಂದು ಅಡ್ಡ ನಿಂತಿತು. ಕೈಯಲ್ಲಿ ಬಂದೂಕು.

"ಪಕ್ಕಕ್ಕೆ ಸರಿಯೋ."

"ಇದನ್ನ ದೂರ ಬಿಟ್ಬರ್ತೀನಿ ಅಣ್ಣ. ಇನ್ನೊಂದ್ಸಲ ನಿನ್ ಕಣ್ಣಿಗೆ ಬೀಳಲ್ಲ."

"ಅಲ್ಲಿರೋರ ಕುರಿ ಕುರಿ ಅಲ್ವಾ? ನಿನ್ ದರಿದ್ರ ಇನ್ನೊಬ್ಬರ ಮನೆಗೆ ಯಾಕೆ ಸಾಗಿಸ್ತೀಯ? ಅಜ್ಜಿ ಬೆಳಿಗ್ಗೆಯಿಂದ ಬಾಯಿಗೆ ನೀರು ಹಾಕಿಲ್ಲ. ಸರಿಯೋ ಅಂದೆ."

ಹರ್ಮನ್ ಗುಂಡು ಹಾರಿಸಿದ. ಟ್ರಕ್ಕಿನ ಗಾಜು ಪುಡಿಯಾಯಿತು, ಮೋಸಿ ಗಾಡಿಯಡಿ ನುಸುಳಿತು. ಕೆಲ್ವಿನ್ ಹಿಂದಿನ ತೊಟ್ಟಿಯಿಂದ ಜಾಕಿನ ಕಬ್ಬಿಣದ ರಾಡು ಎಳೆದುಕೊಂಡು ಬೀಸಿದ. ಮೊದಲ ಏಟಿಗೆ ಬಂದೂಕು ಕೆಳಗೆ ಬಿತ್ತು. ಹರ್ಮನ್ ಎಡಗೈಯಿಂದ ಗುದ್ದಿದಾಗ ಕೆಲ್ವಿನ್ನನ ಮುಂದಿನ ಹಲ್ಲೊಂದು ಮುರಿದು ನಾಲಿಗೆಗೆ ಬಂತು. ಅಣ್ಣನ ಬಲಗೈಯನ್ನು ಬಾನೆಟ್ಟಿಗೆ ಒತ್ತಿಹಿಡಿದು ಇನ್ನೊಂದು ಏಟು ಹಾಕಿದ. ಮೂಳೆ ಲಟಕ್ಕೆಂದಿತು. ಅಲ್ಲಿಗೆ ನಿಲ್ಲಿಸಬಹುದಿತ್ತು, ಹರ್ಮನ್ ಆಗಲೇ ಕುಸಿದಿದ್ದ. ನಿಲ್ಲಿಸಲಿಲ್ಲ, ಮತ್ತೊಂದು ಹಾಕಿದ.

ಆ ಕೈ ಇಡೀ ಸೀಮೆಯ ಕುರಿಗಳ ಉಣ್ಣೆ ಕತ್ತರಿಸುವ ಕೈ. ಹರ್ಮನ್ನನ ಮನೆಯಲ್ಲಿ ಐದು ಬಾಯಿ ಅದರ ಮೇಲೆ ಉಣ್ಣುತ್ತಿದ್ದವು. ಈಗ ಬೆರಳುಗಳು ಒಂದೊಂದು ದಿಕ್ಕಿಗೆ ತಿರುಗಿದ್ದವು. ಕೆಲ್ವಿನ್ ರಾಡು ಎಸೆದು, ತನ್ನ ಅಂಗಿ ಬಿಚ್ಚಿ ಸುತ್ತಿದ. ಅಣ್ಣನನ್ನು ಎತ್ತಿ ತನ್ನ ಟ್ರಕ್ಕಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬಂದೂಕನ್ನು ಕಾಲ ಬಳಿ ಇಟ್ಟು, ನಾಯಿಯನ್ನು ಹಿಂದಿನ ತೊಟ್ಟಿಗೆ ಹತ್ತಿಸಿ, ಫ್ಲ್ಯಾಗ್‌ಸ್ಟಾಫ್ ಆಸ್ಪತ್ರೆಯ ಕಡೆ ಓಡಿಸಿದ.

ಗ್ರೇ ಮೌಂಟನ್ ಸಮೀಪ ಹಿಂಡೊಂದು ರಸ್ತೆ ದಾಟುತ್ತಿತ್ತು. ಮುದುಕಿಯೊಬ್ಬಳು ಕೈಯೆತ್ತಿ ಗಾಡಿ ನಿಲ್ಲಿಸಿದಳು. ತೊಟ್ಟಿಯಲ್ಲಿ ಉಗುರು ಕೆರೆದ ಸದ್ದು. ಕೆಲ್ವಿನ್ ತಿರುಗುವಷ್ಟರಲ್ಲಿ ಮೋಸಿ ಹಾರಿಯಾಗಿತ್ತು.

ಮೊದಲ ಕುರಿಯ ಗಂಟಲು ಹರಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಆಮೇಲೆ ಒಂದು ಮರಿ. ಮುದುಕಿ ಕೋಲಿನಿಂದ ಬಡಿದಳು. ನಾಯಿ ಅವಳ ಲಂಗ ಹಿಡಿದು ಉರುಳಿಸಿ ಮತ್ತೆ ಹಿಂಡಿಗೆ ನುಗ್ಗಿತು. "ಮೋಸಿ, ಬಾ ಇಲ್ಲಿ" ಎಂದು ಕೆಲ್ವಿನ್ ಕರೆದ. ಅದು ರಕ್ತದ ಮೂತಿ ಎತ್ತಿ ನೋಡಿ, ಬಾಲ ಅಲ್ಲಾಡಿಸಿ, ಇನ್ನೊಂದು ಕುರಿಯ ಮೇಲೆ ಹಾರಿತು.

ಕೆಲ್ವಿನ್ ಬಂದೂಕು ತೆಗೆದುಕೊಂಡ. ಗುರಿ ತಪ್ಪಿ ಗುಂಡು ನಾಯಿಯ ಸೊಂಟಕ್ಕೆ ತಾಗಿತು. ಹಿಂಗಾಲು ಎಳೆದುಕೊಂಡು ಮೋಸಿ ಅವನ ಹತ್ತಿರಕ್ಕೇ ತೆವಳಿಕೊಂಡು ಬಂತು, ಇವನು ಕಾಪಾಡುತ್ತಾನೆ ಎಂದು. ಬಂದು ಅವನ ಬೂಟಿನ ಮೇಲೆ ಗದ್ದ ಇಟ್ಟಿತು. ಅದರ ಹಣೆಗೆ ಇಟ್ಟು ಬಂದೂಕಿನ ಕುದುರೆ ಎಳೆದ.

ಮುದುಕಿ ಎದ್ದು ಧೂಳು ಕೊಡವಿಕೊಂಡು ಸತ್ತ ಮರಿಯನ್ನು ಮಡಿಲಿಗೆ ಎತ್ತಿಕೊಂಡಳು. "ಇದಕ್ಕೆ ಮೊದಲೇ ರುಚಿ ಹತ್ತಿತ್ತಲ್ಲಪ್ಪಾ. ನಿನಗೆ ಗೊತ್ತಿತ್ತಾ?"

"ಗೊತ್ತಿತ್ತಜ್ಜಿ."

ಅವಳು ಮರಿಯನ್ನು ಹೊತ್ತು ಹಿಂಡಿನ ಕಡೆ ತಿರುಗಿದಳು. ಕೆಲ್ವಿನ್ ಗಾಡಿ ಹತ್ತಿದ. ಹರ್ಮನ್ನನ ಮಡಿಲಲ್ಲಿ, ಕೈಗೆ ಸುತ್ತಿದ ಅಂಗಿ ತೊಯ್ದು ಕರ್ರಗಾಗಿತ್ತು.

"ಉಣ್ಣೆ ಇತ್ತಲ್ವಾ?" ಎಂದು ಹರ್ಮನ್ ಕೇಳಿದ.

"ಇತ್ತಣ್ಣ."

ಹರ್ಮನ್ ತನ್ನ ಕೈ ನೋಡಿಕೊಂಡ. "ಬೆಳಿಗ್ಗೆನೇ ಹೇಳಿದ್ರೆ ನಾಯಿ ಒಂದೇ ಹೋಗ್ತಿತ್ತು ಕಣೋ" ಎಂದ. ಕೆಲ್ವಿನ್ ಅಳುತ್ತಲೇ ಗೇರು ಹಾಕಿದ.