ಐದು ಸ್ಟಾರಿನ ಮಿಕ್ಸಿ

ಮಿಕ್ಸಿ ಮೂರನೆಯ ಸಲ ಗುರ್ರೆಂದು ನಿಂತಿತು. ಕತ್ತರಿಯಕ್ಕ ಮುಚ್ಚಳ ತೆಗೆದು ಸೂಪನ್ನು ಚಮಚದಲ್ಲಿ ಎತ್ತಿ ನೋಡಿದಳು. ಕ್ಯಾರೆಟ್ಟು, ಕುಂಬಳಕಾಯಿ, ಬೇಳೆ ಎಲ್ಲ ಒಂದೇ ಬಣ್ಣಕ್ಕೆ ಬಂದಿದ್ದವು. ಎಂಟು ಸಾವಿರ ಜನ ಮೆಚ್ಚಿಕೊಂಡ ಮಿಕ್ಸಿ, ಇನ್ನು ನುಣ್ಣಗಾಗದೆ ಏನು ಎಂದುಕೊಂಡು ಬಟ್ಟಲಿಗೆ ಸುರಿದಳು.

ಕತ್ತರಿಯಕ್ಕ ಎಂಬುದು ಅವಳಿಗೆ ಬೀದಿಯವರು ಇಟ್ಟ ಹೆಸರು. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಕೈಯಲ್ಲೊಂದು ಕತ್ತರಿ, ಬಾಯಲ್ಲಿನ್ನೊಂದು ಎಂದು ಗಿರಾಕಿಗಳೇ ಆಡಿಕೊಳ್ಳುತ್ತಿದ್ದರು. ಎದುರಿಗೆ ಆಡುವ ಧೈರ್ಯ ಯಾರಿಗೂ ಇರಲಿಲ್ಲ.

ಗಂಡ ಗೋಡೆಗೆ ಬಣ್ಣ ಹೊಡೆಯುವವನು. ಗಂಟಲಿನ ಆಪರೇಷನ್ ಆದ ಮೇಲೆ ದನಿ ಹೋಗಿತ್ತು, ಅಗಿದು ನುಂಗುವುದೂ ಹೋಗಿತ್ತು. ಏನು ಕೊಟ್ಟರೂ ಗಂಜಿಗಿಂತ ತೆಳ್ಳಗೆ, ಬೆಣ್ಣೆಗಿಂತ ನುಣ್ಣಗೆ ಇರಬೇಕು, ಒಂದು ತುಣುಕು ಶ್ವಾಸನಾಳಕ್ಕೆ ಇಳಿದರೂ ಅಪಾಯ ಎಂದು ಡಾಕ್ಟರು ಎಚ್ಚರಿಸಿದ್ದರು. ಅದಕ್ಕೇ ಅವಳು ಹೊಲಿಗೆ ಬದಿಗಿಟ್ಟು, ಫೋನಿನಲ್ಲಿ ಊರಿನ ಮಿಕ್ಸಿಗಳನ್ನೆಲ್ಲ ಜಾಲಾಡಿ, ಅತಿ ಹೆಚ್ಚು ಗ್ರಾಹಕರು ತೃಪ್ತರಾದ ಮಿಕ್ಸಿಯನ್ನೇ ಆರಿಸಿದ್ದಳು.

ಮಾತು ನಿಂತ ಮೇಲೆ ಗಂಡ ಅಡುಗೆಗೆ ಬೆರಳಲ್ಲೇ ಅಂಕ ಕೊಡುತ್ತಿದ್ದ. ಯಾವಾಗಲೂ ಐದು. ಇವತ್ತು ಮೊದಲ ಸಲ ಕ್ಯಾರೆಟ್ಟು ಬಿದ್ದ ಸೂಪನ್ನೂ ಎರಡು ಚಮಚ ಕುಡಿದು ಬಲಗೈ ಎತ್ತಿದ. ಕೈ ಅರ್ಧಕ್ಕೇ ನಿಂತಿತು. ಕಣ್ಣು ಮೇಲಾಯಿತು, ಮುಖ ಕಪ್ಪಿಟ್ಟಿತು. ಅವಳು ಬಟ್ಟಲು ಎಸೆದು, ಅವನನ್ನು ಮುಂದಕ್ಕೆ ಬಾಗಿಸಿ ಬೆನ್ನಿಗೆ ಗುದ್ದಿದಳು, ಇನ್ನೂ ಗುದ್ದಿದಳು. ಕೊನೆಗೆ ಕೆಮ್ಮಿನ ಜೊತೆ ಹೊರಬಂದದ್ದು ಅಕ್ಕಿಕಾಳಿನಷ್ಟು ಕ್ಯಾರೆಟ್ಟು. ಅವನು ಉಸಿರು ಎಳೆದುಕೊಂಡ, ಕಣ್ಣೀರು ಒರೆಸಿಕೊಂಡ, ಆಮೇಲೆ ಐದು ಬೆರಳು ತೋರಿಸಿದ.

"ಸಾಯೋಕೆ ಹೋಗಿ ಬಂದ್ರಿ, ಅದಕ್ಕೂ ಐದಾ?" ಎಂದಳು.

ಹೆದರಿಕೆ ಇಳಿಯುತ್ತಲೇ ಸಿಟ್ಟು ಏರಿತು. ಈ ಹಾಳು ಮಿಕ್ಸಿಯನ್ನು ಹೊಗಳಿದ ಮಹಾನುಭಾವರು ಯಾರಪ್ಪ ಎಂದು ಫೋನು ತೆಗೆದು ಒಂದೊಂದೇ ಓದಿದಳು. ಒಬ್ಬ ಡಬ್ಬ ಚೆನ್ನಾಗಿದೆ ಎಂದಿದ್ದ. ಇನ್ನೊಬ್ಬಳು ಬಣ್ಣ ಮುದ್ದಾಗಿದೆ ಎಂದಿದ್ದಳು. ಒಂದು ಕಡೆ ಮಾತ್ರ ಹೀಗಿತ್ತು: "ಬೆಣ್ಣೆಯ ಹಾಗೆ ಅರೆಯುತ್ತದೆ. ರೋಗಿಗಳಿಗಂತೂ ಹೇಳಿ ಮಾಡಿಸಿದ ಮಿಕ್ಸಿ." ಕೊಳ್ಳುವಾಗ ಅವಳು ನಂಬಿದ್ದು ಈ ಮಾತನ್ನೇ. ಈಗ ಕೆಳಗಿದ್ದ ಫೋಟೊವನ್ನು ದೊಡ್ಡದು ಮಾಡಿ ನೋಡಿದಳು. ಮಿಕ್ಸಿಯ ಹಿಂದೆ ಫ್ರಿಜ್ಜು, ಫ್ರಿಜ್ಜಿನ ತಗ್ಗನ್ನು ಮುಚ್ಚಲು ಅಂಟಿಸಿದ ಕೆಂಪು ಎಲ್ ಬೋರ್ಡು. ಅಂಥ ಫ್ರಿಜ್ಜು ಲೋಕದಲ್ಲಿ ಒಂದೇ ಇತ್ತು, ಅದೂ ಮಹಡಿಯ ಮೇಲೆ.

ಮಹಡಿಯಲ್ಲಿ ಗಂಡನ ತಂಗಿ ಇದ್ದಳು. ಕಾರು ಕಲಿಸುವ ಕೆಲಸ. ಅತ್ತಿಗೆ ನಾದಿನಿ ಮಾತು ಬಿಟ್ಟು ಎರಡು ವರ್ಷವಾಗಿತ್ತು. ನಾದಿನಿ ದಿನಾ ಇಳಿದು ಬಂದು ಅಣ್ಣನ ಪಕ್ಕ ಕೂತು ಹೋಗುತ್ತಿದ್ದಳು, ಅತ್ತಿಗೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಕತ್ತರಿಯಕ್ಕ ಮೆಟ್ಟಿಲು ಹತ್ತಿ ಬಾಗಿಲು ಬಡಿದಳು. ತೆರೆದವಳ ಮುಖಕ್ಕೇ ಫೋನು ಹಿಡಿದಳು.

"ಇದು ನೀನು ಬರೆದದ್ದು ತಾನೆ?"

ನಾದಿನಿ ನೋಡಿದಳು. "ಹೌದು. ಏನೀಗ?"

"ನಿನ್ನ ಅಣ್ಣನ ಉಸಿರು ನಿಲ್ತಿತ್ತು ಈಗ. ಯಾವ ರೋಗಿಗೆ ಅರೆದು ಕೊಟ್ಟಿದ್ದೆ ನೀನು? ಯಾರು ಬದುಕಿದ್ದಾರೆ ಹೇಳು, ಹೋಗಿ ಮಾತಾಡಿಸಿ ಬರ್ತೀನಿ."

ನಾದಿನಿಯ ಮುಖ ಬಿಳುಚಿತು. "ಅಣ್ಣ ಹೇಗಿದ್ದಾನೆ?"

"ಉಳಿದಿದ್ದಾರೆ. ನಿನ್ನ ಪುಣ್ಯದಿಂದಲ್ಲ."

"ಅಣ್ಣನಿಗೆ ಕಾಯಿಲೆ ಬರೋಕೆ ಮೊದಲೇ ಬರೆದದ್ದು ಅತ್ತಿಗೆ. ಡಬ್ಬದಲ್ಲಿ ಚೀಟಿ ಇತ್ತು, ಐದು ಸ್ಟಾರ್ ಕೊಟ್ರೆ ಸಣ್ಣ ಜಾರು ಫ್ರೀ ಅಂತ. ಬಾಯಿಗೆ ಬಂದದ್ದು ಬರೆದೆ. ತಪ್ಪು ನನ್ನದೇ." ಒಂದು ಗಳಿಗೆ ತಲೆ ತಗ್ಗಿಸಿದವಳು ಮತ್ತೆ ಎತ್ತಿದಳು. "ನಿಮ್ಮ ಡಬ್ಬದಲ್ಲಿ ಚೀಟಿ ಇರಲಿಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕತ್ತರಿಯಕ್ಕನಿಗೆ ತನ್ನ ಅಡುಗೆಮನೆಯ ಕಪಾಟು ನೆನಪಾಯಿತು. ಹೊಸ ಸಣ್ಣ ಜಾರು ಅಲ್ಲಿ ಬೆಚ್ಚಗೆ ಕೂತಿತ್ತು. ಮಿಕ್ಸಿಯ ವಯರು ಚುಚ್ಚುವ ಮೊದಲೇ ಐದು ಸ್ಟಾರು ಒತ್ತಿದ್ದಳು.

"ನನ್ನ ಮಾತು ಬಿಡು," ಎಂದಳು. ದನಿ ಮೊದಲಿನಷ್ಟು ಹರಿತವಾಗಿರಲಿಲ್ಲ.

"ಯಾಕೆ ಬಿಡ್ಲಿ? ಆ ಮಿಕ್ಸಿ ಆರು ತಿಂಗಳಿಂದ ನನ್ನ ಮನೇಲಿ ಬಿದ್ದಿದೆ. ಒಂದು ಮಾತು ಕೇಳಿದ್ರೆ, ಅದು ಕ್ಯಾರೆಟ್ಟು ಅರೆಯೋಲ್ಲ, ತಗೋಬೇಡಿ ಅಂತಿದ್ದೆ. ಕಂಡವರ ಮಾತೆಲ್ಲ ವೇದವಾಕ್ಯ, ಹಿತ್ತಲ ಗಿಡ ಮಾತ್ರ ಮದ್ದಲ್ಲ. ಕೇಳೋದಾದ್ರೂ ಹೇಗೆ? ನೀವು ಹೊಲಿದ ಕೋಟು ಭುಜದಲ್ಲಿ ಬಿಗಿ ಅಂದದ್ದಕ್ಕೆ ಎರಡು ವರ್ಷ ಮಾತು ಬಿಟ್ಟವರು ನೀವು."

"ನಾಲ್ಕು ಜನರ ಮುಂದೆ ಅಂದೆ."

"ಬಿಗಿ ಇತ್ತು, ಅಂದೆ. ನಿಮಗೆ ನಿಜ ಹೇಳಿದವರ ಗತಿ ಏನಾಗುತ್ತೆ ಅಂತ ಅಣ್ಣ ನೋಡಿದ್ದಾನೆ. ಪಾಪ, ಐದು ಬೆರಳು ತೋರಿಸದೆ ಇನ್ನೇನು ಮಾಡ್ತಾನೆ?"

ಕತ್ತರಿಯಕ್ಕ ಧಡಧಡನೆ ಇಳಿದು ಬಂದು ಮಿಕ್ಸಿ ಕಂಪನಿಗೆ ಫೋನು ಮಾಡಿದಳು. ಅಲ್ಲಿ ಎತ್ತಿದ ಹುಡುಗಿಯ ಮಾತು ಸಕ್ಕರೆ ಸುರಿದಂತಿತ್ತು.

"ನೀವೇ ಐದು ಸ್ಟಾರ್ ಕೊಟ್ಟಿದ್ದೀರಲ್ಲ ಮೇಡಂ. ಅದನ್ನ ಹಾಗೇ ಬಿಡಿ, ದೊಡ್ಡ ಮೋಟಾರಿನ ಮಾಡೆಲ್ ನಾಳೇನೇ ಕಳಿಸ್ತೀವಿ. ಅದು ಕಲ್ಲು ಕೊಟ್ರೂ ಪುಡಿ ಮಾಡುತ್ತೆ."

"ಸ್ಟಾರ್ ಕಮ್ಮಿ ಮಾಡಿದ್ರೆ?"

"ಆಗ ರಿಪೇರಿಗೆ ಕಳಿಸ್ಬೇಕಾಗುತ್ತೆ. ಸರದಿ ಬಂದಾಗ ನೋಡ್ತಾರೆ."

"ಹಾಗೇ ಇರ್ಲಿ ಬಿಡಮ್ಮ, ಕಳಿಸಿ," ಎಂದು ಫೋನಿಟ್ಟಳು. ಗಂಡ ಉಳಿದರೆ ಸಾಕು, ಊರಿನ ಉಸಾಬರಿ ನನಗೇಕೆ ಎಂದುಕೊಂಡಳು.

ಆದರೂ ತಾನು ಏನು ಬರೆದಿದ್ದೆ ಎಂದು ನೋಡುವ ಮನಸ್ಸಾಯಿತು. "ನಮ್ಮ ಯಜಮಾನರಿಗೆ ನುಂಗಲು ಕಷ್ಟ. ಈ ಮಿಕ್ಸಿ ಬಂದ ಮೇಲೆ ಚಿಂತೆ ಇಲ್ಲ," ಎಂದಿತ್ತು. ಅದರ ಕೆಳಗೆ ಯಾರೋ ಬೆಳಿಗ್ಗೆ ಬರೆದಿದ್ದರು: "ನನ್ನ ತಾಯಿಗೂ ನುಂಗಲು ಆಗುವುದಿಲ್ಲ. ನಿಮ್ಮ ಮಾತು ನಂಬಿ ಇವತ್ತು ಸಂಜೆ ಇದನ್ನೇ ತರುತ್ತೇನೆ. ನಿಜವಾಗಿ ನುಣ್ಣಗಾಗುತ್ತದೆಯೇ ಅಕ್ಕ?"

ಕತ್ತರಿಯಕ್ಕ ಕುರ್ಚಿಯಲ್ಲಿ ಕುಕ್ಕರಿಸಿದಳು. ಗಂಡ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ, ಇನ್ನೂ ಏದುತ್ತಿದ್ದ. ದೊಡ್ಡ ಮೋಟಾರು ಬಂದರೆ ಅವನು ನೆಮ್ಮದಿಯಾಗಿ ಉಣ್ಣಬಹುದು. ಆದರೆ ಆ ತಾಯಿಯ ಬೆನ್ನಿಗೆ ಗುದ್ದಲು ಆ ಹೊತ್ತಿಗೆ ಯಾರು ಪಕ್ಕದಲ್ಲಿರುತ್ತಾರೆ? ಕಂಪನಿಯ ಹುಡುಗಿಗೆ ಮನಸ್ಸಿನಲ್ಲೇ ಒಂದು ಕೆಟ್ಟ ಬೈಗುಳ ಬೈದು, ತನಗೂ ಅದನ್ನೇ ಬೈದುಕೊಂಡಳು.

"ತರಬೇಡಿ," ಎಂದು ಬರೆದಳು. "ತುಣುಕು ಉಳಿಯುತ್ತದೆ. ನನ್ನ ಗಂಡನ ಪ್ರಾಣ ಇವತ್ತು ಹೋಗುವುದರಲ್ಲಿತ್ತು. ಬಳಸುವ ಮೊದಲೇ ಹೊಗಳಿ ಬರೆದವಳು ನಾನು. ಸದ್ಯಕ್ಕೆ ಬಟ್ಟೆಯಲ್ಲಿ ಸೋಸಿ ಕೊಡಿ." ಆಮೇಲೆ ಐದು ಸ್ಟಾರನ್ನು ಒಂದಕ್ಕೆ ಇಳಿಸಿದಳು. ನಾಳೆ ಬರಬೇಕಿದ್ದ ಮಿಕ್ಸಿಯ ಆಸೆ ಅಲ್ಲಿಗೆ ಮುಗಿಯಿತು.

ಅಂಗಡಿಯಿಂದ ತೆಳುವಾದ ಹತ್ತಿಬಟ್ಟೆ ಕತ್ತರಿಸಿ ತಂದು, ಕುದಿನೀರಿನಲ್ಲಿ ಅದ್ದಿ, ಪಾತ್ರೆಯ ಮೇಲೆ ಹಿಡಿದು ಜಾರಿನಲ್ಲಿ ಉಳಿದಿದ್ದ ಸೂಪನ್ನು ಸುರಿದಳು. ಒಬ್ಬಳೇ ಹಿಂಡಲು ಹೋದರೆ ಬಟ್ಟೆ ಜಾರುತ್ತಿತ್ತು, ಸೂಪು ಕಟ್ಟೆಯ ಮೇಲೆ ಹರಿಯುತ್ತಿತ್ತು. ಆಗ ಹಿಂದಿನಿಂದ ಎರಡು ಕೈ ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿದವು.

"ನಿಮಗೋಸ್ಕರ ಬಂದಿಲ್ಲ," ಎಂದಳು ನಾದಿನಿ. "ಅಣ್ಣನಿಗೋಸ್ಕರ ಬಂದೆ. ನಾನು ಬರೆದದ್ದನ್ನೂ ಅಳಿಸಿದೆ."

"ನಾನೂ ನಿನ್ನ ಕರೆದಿಲ್ಲ. ಗಟ್ಟಿಯಾಗಿ ಹಿಡಿ, ಸ್ಟೀರಿಂಗ್ ಅಲ್ಲ ಅದು."

ಇಬ್ಬರೂ ಎದುರುಬದುರು ನಿಂತು ತಿರುಚಿದರು. ಬಟ್ಟೆಯಲ್ಲಿ ಒಂದು ಹಿಡಿ ಕ್ಯಾರೆಟ್ಟಿನ ನಾರು ಉಳಿದಿತ್ತು. ಅದನ್ನು ನೋಡಿ ಇಬ್ಬರೂ ಮುಖ ತಿರುಗಿಸಿದರು.

ಕತ್ತರಿಯಕ್ಕ ಬಟ್ಟಲು ಹಿಡಿದು ಗಂಡನ ಮುಂದೆ ಕೂತಳು. ಅವನು ಹೆದರುತ್ತಲೇ ಒಂದು ಚಮಚ ಕುಡಿದ, ಕಾದ, ಇನ್ನೊಂದು ಕುಡಿದ. ಸಲೀಸಾಗಿ ಇಳಿಯಿತು. ಅಭ್ಯಾಸದಂತೆ ಐದು ಬೆರಳೂ ಮೇಲೆದ್ದವು.

ಅವಳು ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. "ನಿಜ ಹೇಳ್ರಿ," ಎಂದಳು. "ನಾನು ಸಿಟ್ಟು ಮಾಡಲ್ಲ."

ಅವನು ತಂಗಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಮೆಲ್ಲಗೆ ಮೂರು ಬೆರಳು ಮಡಿಸಿದ. ಉಳಿದದ್ದು ಎರಡು. ಆಮೇಲೆ ನಾಲಗೆ ತೋರಿಸಿ ಮುಖ ಸಿಂಡರಿಸಿದ.

ಕತ್ತರಿಯಕ್ಕ ಚಮಚದ ತುದಿಯಲ್ಲಿ ಸೂಪು ತೆಗೆದು ನೆಕ್ಕಿ ನೋಡಿದಳು.

"ಉಪ್ಪೇ ಹಾಕಿಲ್ಲ," ಎಂದು ಎದ್ದು ಅಡುಗೆಮನೆಗೆ ಹೋದಳು.