ಚಪ್ಪಲಿ ಮೆಟ್ಟುವಾಗ ಹೇಳುವ ಮಾತು

ಶಶಿಕಾಂತನ ಕಂಪನಿಯ ಎಐ ಮಾಡೆಲ್ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತಾರು ತೆಗೆದಿತ್ತು. ಆದರೂ ನಾನು ಸಹಿ ಹಾಕಿರಲಿಲ್ಲ. ಅವನು ದಿನಾ ಫೋನ್ ಮಾಡುತ್ತಿದ್ದ, ನಾನು ದಿನಾ ಬೈಯುತ್ತಿದ್ದೆ.

ನಾನು ದಾಕ್ಷಾಯಿಣಿ. ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುತ್ತೇನೆ, ಸಾಫ್ಟ್‌ವೇರ್ ಗುಣಮಟ್ಟದ ಮೇಲೆ ಸಂಶೋಧನೆ ಮಾಡುತ್ತೇನೆ. ಮೊದಲಿನ ಸಾಫ್ಟ್‌ವೇರ್ ಆದರೆ ಸಾಲು ಸಾಲು ಓದಿ, ಇಗೋ ಇಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಈಗಿನ ಮಾಡೆಲ್‌ಗಳದ್ದು ಹಾಗಲ್ಲ. ಸಾವಿರಾರು ಉದಾಹರಣೆ ಉಣ್ಣಿಸಿ ಕಲಿಸುತ್ತಾರೆ; ಅದು ಒಳಗೆ ಏನು ಕಲಿಯಿತು ಎಂಬುದು ಕಲಿಸಿದವನಿಗೂ ಗೊತ್ತಿರುವುದಿಲ್ಲ. ಪರೀಕ್ಷೆ ಇಟ್ಟೇ ನೋಡಬೇಕು. ಆ ಪರೀಕ್ಷೆ ಸರಿ ಇದೆಯೋ ಇಲ್ಲವೋ ಎಂದು ನೋಡುವವಳು ನಾನು. ಪ್ರಶ್ನೆಪತ್ರಿಕೆಯೇ ಹುಳುಕಾಗಿದ್ದರೆ ತೊಂಬತ್ತಾರು ಬಂದರೇನು, ನೂರು ಬಂದರೇನು? "ಯಂತ್ರಕ್ಕ ಪರೀಕ್ಷಾ ಇಡೂ ಅಕ್ಕೋರು" ಎಂದು ನಮ್ಮವ್ವ ಗೌರಕ್ಕ ಬಂದವರ ಮುಂದೆಲ್ಲ ನನ್ನ ಚಾಷ್ಟಿ ಮಾಡುತ್ತಾಳೆ.

ಶಶಿಕಾಂತ ನನ್ನ ಹಳೆಯ ವಿದ್ಯಾರ್ಥಿ. ಈಗ ಹುಬ್ಬಳ್ಳಿಯಲ್ಲೇ ಸಣ್ಣದೊಂದು ಕಂಪನಿ ನಡೆಸುತ್ತಾನೆ. ಅವನ ಮಾಡೆಲ್ ಒಂದು ಖಾಸಗಿ ಆಸ್ಪತ್ರೆಗೆ ಹೋಗಬೇಕಿತ್ತು. ಸಂಜೆ ತೋರಿಸಿಕೊಳ್ಳಲು ಬಂದವರು ಪರದೆಯ ಮುಂದೆ ಕೂತು ತಮ್ಮ ತ್ರಾಸನ್ನು ತಮ್ಮ ಮಾತಿನಲ್ಲೇ ಹೇಳಬೇಕು. ಯಂತ್ರ ಕೇಳಿಸಿಕೊಂಡು ಚೀಟಿ ಕೊಡುತ್ತದೆ. ಕೆಂಪು ಚೀಟಿ ಬಂದರೆ ನೇರ ಒಳಗೆ. ಹಸಿರು ಬಂದರೆ ಹೆಸರು ಕರೆಯುವವರೆಗೆ ಬೆಂಚಿನ ಮೇಲೆ. ಅದು ಒಂದು ತಾಸೂ ಆಗಬಹುದು, ಮೂರು ತಾಸೂ ಆಗಬಹುದು. ಕೆಂಪು ಸಿಗಬೇಕಾದವನ ಕೈಗೆ ಹಸಿರು ಬಂದರೆ ಅವನು ಬೆಂಚಿನ ಮೇಲೆಯೇ ಸಾಯುತ್ತಾನೆ. ಇದು ರೋಗಿಗಳ ಮುಂದೆ ಇಡಲು ಯೋಗ್ಯ ಎಂದು ನಾನು ಬರೆದುಕೊಡಬೇಕಿತ್ತು.

ಪರೀಕ್ಷೆಗೆ ಬಳಸಿದ ದನಿಗಳನ್ನೆಲ್ಲ ಬಸ್ಸಿನಲ್ಲಿ ಹೋಗುತ್ತ ಬರುತ್ತ ಕಿವಿಗೆ ಹಾಕಿಕೊಂಡು ಕೇಳಿದ್ದೆ. "ಎದಿ ನೂಸಾಕತ್ತೈತ್ರಿ, ಎರಡು ತಾಸಾತು." "ಮೂರು ದಿನದಿಂದ ಜ್ವರಾ ಬಂದಾವ್ರಿ." ಎಲ್ಲ ಸ್ಪಷ್ಟ, ಎಲ್ಲ ನಮ್ಮ ಕಡೆಯದೇ ಭಾಷೆ. ಆದರೂ ಎಲ್ಲೋ ಏನೋ ಹಳಸಿದೆ ಅನಿಸುತ್ತಿತ್ತು. ಎಲ್ಲಿ ಅಂತ ತಿಳಿಯದೆ ಮೈ ಪರಚಿಕೊಳ್ಳುವಂತಾಗಿತ್ತು.

ಅಷ್ಟರಲ್ಲಿ ಅವ್ವನ ಬಿಪಿ ಗುಳಿಗೆ ಮುಗಿದವು. ಕೆಲಗೇರಿಯಲ್ಲಿ ನಮ್ಮ ಮನೆಯ ಹತ್ತಿರವೇ ಡಾಕ್ಟರ್ ಮಹಾಂತಯ್ಯನವರ ದವಾಖಾನೆ. ಅಂದು ಕಾಲೇಜಿಗೆ ಸೂಟಿ ಇತ್ತು, ಮುಂಜಾನೆಯೇ ಕರೆದುಕೊಂಡು ಹೋದೆ.

ಅವ್ವ ಕುರ್ಚಿಯ ಮೇಲೆ ಕೂತವಳೇ ಶುರು ಮಾಡಿದಳು. "ಆರಾಮ ಅದೀರೇನ್ರಿ ಡಾಕ್ಟ್ರ? ಮಗಳ ಲಗ್ನ ಗೊತ್ತಾತಂತಲ್ರಿ? ಛಲೋ ಆತು ಬಿಡ್ರಿ."

"ಹೂಂನ್ರಿ ಗೌರಕ್ಕಾರ. ನಿಮಗೇನ್ ತ್ರಾಸ ಹೇಳ್ರಿ."

"ನನಗೇನಾಗೇತ್ರಿ, ಗುಂಡಕಲ್ಲಿನಂಗ ಅದೀನಿ. ಗುಳಿಗಿ ಮುಗದಾವ, ಅಷ್ಟ."

ಡಾಕ್ಟರು ಬಿಪಿ ನೋಡಿದರು, ಅದೇ ಗುಳಿಗೆ ಬರೆದರು. ಅವ್ವ ಅವರಿಗೆ ನನ್ನ ಸಿಟ್ಟಿನ ಬಗ್ಗೆ ಎರಡು ಮಾತು, ಸೊಪ್ಪಿನ ರೇಟಿನ ಬಗ್ಗೆ ನಾಲ್ಕು ಮಾತು ಹೇಳಿ, "ಬರ್ತೇನ್ರಿ" ಎಂದು ಎದ್ದಳು. ಬಾಗಿಲಿಗೆ ಹೋಗಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡಳು. ಇನ್ನೊಂದು ಕಾಲು ಇನ್ನೂ ಚಪ್ಪಲಿ ಹುಡುಕುತ್ತಿತ್ತು, ಆಗ ತಿರುಗಿದಳು.

"ಅಂದಂಗ ಡಾಕ್ಟ್ರ, ಮೊನ್ನಿ ಬಚ್ಚಲದಾಗ ಕಣ್ಣಿಗೆ ಕತ್ತಲಿ ಬಂದಂಗಾಗಿ ಬಿದ್ದಿದ್ನಿ ನೋಡ್ರಿ. ಏನಿಲ್ಲ, ಒಂದೀಟು."

ನನ್ನ ತಲೆ ಕೆಟ್ಟುಹೋಯಿತು. "ಯವ್ವಾ! ಬಿದ್ದಿದ್ದಿ? ಇಷ್ಟೊತ್ತು ಬಾಯಾಗ ಕಡಬು ಇಟ್ಕೊಂಡಿದ್ದೇನು? ಕುಂತಾಗ ಹೇಳಾಕ ಏನಾಗಿತ್ತು ನಿನಗ?"

"ಒದರಬ್ಯಾಡ. ಕುಂತ ಕೂಡ್ಲೆ ನನಗ ಹಿಂಗಾಗೇತಿ ಹಂಗಾಗೇತಿ ಅಂತ ಹಾಡಕೋಂತ ಕುಂದ್ರೂದು ಚಂದ ಕಾಣತೈತೇನು? ಅವರಿಗೂ ಮನಿ ಮಾತು ಇರ್ತಾವ."

ಡಾಕ್ಟರು ನಕ್ಕರು. "ಬೈಬ್ಯಾಡ್ರಿ ಮೇಡಂ. ಎಲ್ಲಾರೂ ಹಿಂಗ ಮಾಡ್ತಾರ. ಅದಕ್ಕ ಚಪ್ಪಲಿ ಬಿಡೂ ಜಾಗಾ ನನ್ನ ಕಣ್ಣಿಗೆ ಕಾಣೂವಂಗ ಇಟ್ಟೇನಿ. ಖರೇ ಬ್ಯಾನಿ ಹೊರಗ ಬರೂದು ಅಲ್ಲೇ. ಗೌರಕ್ಕಾರ, ಚಪ್ಪಲಿ ಬಿಟ್ಟು ಒಳಗ ಬರ್ರಿ." ಅವ್ವನನ್ನು ಮಲಗಿಸಿ ಮತ್ತೆ ನೋಡಿ, ಬರೆದ ಗುಳಿಗೆ ಹೊಡೆದುಹಾಕಿ ಬೇರೆ ಬರೆದರು.

ಅವ್ವನ ಮೇಲಿನ ಸಿಟ್ಟು ಅಲ್ಲಿಯೇ ಇಳಿಯಿತು. ಅದರ ಜಾಗದಲ್ಲಿ ಅಂಜಿಕೆ ಬಂತು. ಹೊರಗೆ ಬಂದು ಶಶಿಕಾಂತನಿಗೆ ಫೋನ್ ಹಚ್ಚಿದೆ.

"ನಿನ್ನ ಮಾಡೆಲ್ ಕೇಳೂದು ಯಾವಾಗ ನಿಲ್ಲಸ್ತೈತೋ?"

"ಪೇಷಂಟ್ 'ಬರ್ತೇನ್ರಿ' ಅಂದ ಕೂಡ್ಲೆ ಮೇಡಂ. ಇಲ್ಲಾ ಎದ್ದು ನಿಂತ ಕೂಡ್ಲೆ. ಆವಾಗ ಚೀಟಿ ಬರತೈತ್ರಿ. ಯಾಕ್ರಿ?"

"ಸಂಜಿಮುಂದ ಮನಿಗೆ ಬಾ."

ಸಹಿ ಸಿಕ್ಕಿತೆಂದು ತಿಳಿದು ಅವನು ಇಸ್ತ್ರಿ ಅಂಗಿ ಹಾಕಿಕೊಂಡೇ ಬಂದ. ಕೂಡಿಸಿ ಕೇಳಿದೆ: "ಪರೀಕ್ಷಾಕ್ಕ ದನಿ ಕೊಟ್ಟವರು ಯಾರು?"

"ನಮ್ಮ ಆಫೀಸಿನವರ್ರಿ. ಗೀತಾಂಜಲಿ, ಹನಮೇಶ, ನಾನೂ ಒಂದಿಷ್ಟು."

"ನಿಮ್ಮೊಳಗ ಯಾರಿಗಾದ್ರೂ ಅವತ್ತು ಎದಿ ನೂಸ್ತಿತ್ತೇನು?"

"ಇಲ್ರಿ."

"ಅಂಜಿಕಿ ಇತ್ತೇನು? ನಾಚಿಕಿ?"

ಅವನು ಇಲ್ಲವೆಂದು ತಲೆಯಾಡಿಸಿದ. ನಾನು ಬಿಡಲಿಲ್ಲ. "ಬರದದ್ದನ್ನ ಓದಿದ್ರಿ. ಬ್ಯಾನಿ ಮೊದಲು ಹೇಳಿದ್ರಿ, ಬರ್ತೇನ್ರಿ ಆಮ್ಯಾಲ ಅಂದ್ರಿ. ನಮ್ಮೂರಾಗ ಯಾರೋ ಹಂಗ ಮಾತಾಡ್ತಾರ? ನಮ್ಮ ಮಂದಿ ಖರೇ ಸಂಗ್ತಿ ಹೇಳೂದು ಎದ್ದ ಮ್ಯಾಲ, ಚಪ್ಪಲಿ ಮೆಟ್ಟೂ ಮುಂದ. ಅಷ್ಟೊತ್ತಿಗೆ ನಿನ್ನ ಯಂತ್ರ ಕಿವಿ ಮುಚ್ಚಿಕೊಂಡು ಹಸಿರು ಚೀಟಿ ಕೊಟ್ಟಿರತೈತಿ. ನಾ ಸಹಿ ಹಾಕೂದಿಲ್ಲ."

ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಕೂತಿದ್ದೆ. ಆದರೆ ಅವನು ಜಗಳ ಮಾಡಲಿಲ್ಲ. "ಖರೇರಿ ಮೇಡಂ. ನಮ್ಮಜ್ಜಿನೂ ಹಂಗ ಮಾಡ್ತಿದ್ಲು" ಎಂದ. ಖರೇ ರೋಗಿಗಳ ಒಪ್ಪಿಗೆ ಪಡೆದು, ಅವರು ಬಾಗಿಲು ದಾಟುವವರೆಗಿನ ಮಾತನ್ನೆಲ್ಲ ಕೂಡಿಹಾಕಿ ಮತ್ತೆ ಕಲಿಸುತ್ತೇನೆ, ಎರಡು ತಿಂಗಳು ಬೇಕು ಎಂದ. ಅವ್ವ ಅವಲಕ್ಕಿ ಚೂಡಾ, ಚಹಾ ತಂದಿಟ್ಟಳು. ಅವನು ಅವಳ ಆರಾಮ ವಿಚಾರಿಸಿದ, ಚೂಡಾ ಭಾಳ ಛಲೋ ಆಗೇತಿ ಎಂದ. ಎಷ್ಟು ತಿಳಿವಳಿಕೆಯ ಹುಡುಗ, ನಾನೇ ಕಲಿಸಿದವನಲ್ಲವೇ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು.

"ಬರ್ತೇನ್ರಿ ಮೇಡಂ" ಎಂದು ಎದ್ದ. ಬಾಗಿಲಲ್ಲಿ ಬಗ್ಗಿ ಚಪ್ಪಲಿ ಏರಿಸಿಕೊಂಡ. ಹೋಗಲಿಲ್ಲ.

"ಅಂದಂಗ ಮೇಡಂ..."

ನಾನು ಎದ್ದು ನಿಂತೆ. "ಏನು?"

"ಹಾಸ್ಪಿಟಲ್‌ನವರು ಭಾಳ ಅವಸರ ಮಾಡಿದ್ರು. ನಿಮ್ಮ ಸಹಿ ಹೆಂಗೂ ಬರತೈತಿ ಅಂತ... ಸೋಮವಾರದಿಂದ ಚಾಲೂ ಮಾಡಿಬಿಟ್ಟೇವ್ರಿ."

ನಾನು ಏನೇನು ಬೈದೆನೋ ನೆನಪಿಲ್ಲ. ಅಡುಗೆಮನೆಯಿಂದ ಅವ್ವ ಓಡಿಬಂದಳು. ಶಶಿಕಾಂತ ಬಾಗಿಲಲ್ಲೇ ನಿಂತು ಆಫೀಸಿಗೆ ಫೋನ್ ಮಾಡಿ, ಯಂತ್ರ ಬಂದ್ ಮಾಡಲು ಗೀತಾಂಜಲಿಗೆ ಹೇಳಿದ. ಅವಳು ಅಲ್ಲಿಂದಲೇ ಬಂದ್ ಮಾಡಿದಳು. ಆದರೆ ಈಗಾಗಲೇ ಹಸಿರು ಚೀಟಿ ಹಿಡಿದು ಕೂತವರು? ಆಸ್ಪತ್ರೆಗೆ ನಾನೇ ಫೋನ್ ಮಾಡಿದೆ. "ಎಲ್ಲಾರೂ ಆರಾಮ ಕುಂತಾರ್ರಿ, ಯಾರೂ ಏನೂ ಅಂದಿಲ್ಲ" ಎಂದರು. ಅನ್ನುವುದಿಲ್ಲವಲ್ಲ, ಅದೇ ನನ್ನ ಸಂಕಟ.

"ಗಾಡಿ ತಗಿ" ಎಂದೆ. ಅವನ ಸ್ಕೂಟರಿನ ಹಿಂದೆ ಕೂತು ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟೆ. ಉಣಕಲ್ ದಾಟುವಾಗ ಅವನು "ತಪ್ಪಾತ್ರಿ ಮೇಡಂ" ಎಂದ. "ಮುಂದ ನೋಡಿ ಹೊಡಿ" ಎಂದೆ.

ಆಸ್ಪತ್ರೆಯ ಹಾಲ್ ತುಂಬಿತ್ತು. ಸುಲ್ತಾನಾ ಎಂಬ ನರ್ಸ್ ಎದುರು ಬಂದಳು. "ನೀವು ಫೋನ್ ಮಾಡಿದ ಮ್ಯಾಲ ಎಲ್ಲಾರನ್ನೂ ಕೇಳಿದ್ನಿ ಮೇಡಂ. ಎಲ್ಲಾರೂ ಏನಿಲ್ಲ ಅಂತಾರ."

ನಾನು ಮುಖಗಳನ್ನೇ ನೋಡುತ್ತ ನಡೆದೆ. ಫ್ಯಾನಿನ ಕೆಳಗಿನ ಬೆಂಚಿನಲ್ಲಿ ಒಬ್ಬ ಹಿರಿಯರು ಕೂತಿದ್ದರು. ಮೊಣಕಾಲ ಮೇಲೆ ಟೋಪಿ, ಬೆರಳ ಸಂದಿಯಲ್ಲಿ ಹಸಿರು ಚೀಟಿ. ಅಷ್ಟು ಗಾಳಿಯಲ್ಲೂ ಹಣೆ ಬೆವರಿತ್ತು. ಪಕ್ಕದಲ್ಲಿ ಕೂತೆ.

"ಆರಾಮ ಅದೀರಿ ಕಾಕಾ? ಯಾವ ಊರ್ರಿ?"

"ಇಲ್ಲೇ ಉಣಕಲ್ ತಂಗಿ. ಹೊಳೆಯಪ್ಪ ಅಂತಾರ. ನೀವು?"

"ಕೆಲಗೇರಿ. ಏನ್ ತ್ರಾಸ ಐತ್ರಿ ನಿಮಗ?"

"ಏನಿಲ್ಲ, ಒಂದೀಟು ಗ್ಯಾಸ್ ಆದಂಗ. ಕೆಲಗೇರಿ ಕೆರಿಗೆ ಈ ವರ್ಷ ನೀರು ಛಲೋ ಬಂದಾವೇನು?"

ಅವರ ಭುಜ ಹಿಡಿದು ಅಲುಗಾಡಿಸಿ, ಹೇಳ್ರಿ, ಖರೇ ಹೇಳ್ರಿ ಎಂದು ಚೀರಬೇಕೆನಿಸಿತು. ಚೀರಿದರೆ ಅವರು ಇನ್ನಷ್ಟು ಮುಚ್ಚಿಕೊಳ್ಳುತ್ತಾರೆ. ಬಂದಾವ್ರಿ ಎಂದೆ. ಕೆರೆಯ ಬಗ್ಗೆ ಮಾತಾಡಿದೆ. ಮಗ ಏನು ಮಾಡುತ್ತಾನೆ ಎಂದು ಕೇಳಿದೆ, ವರ್ಕ್‌ಶಾಪಿನಾಗ ಅದಾನ ಎಂದರು. ಆಮೇಲೆ ಸೀರೆ ಸರಿಮಾಡಿಕೊಂಡು ಎದ್ದೆ.

"ಬರ್ತೇನ್ರಿ ಕಾಕಾ."

"ಹೂಂ, ಹೋಗಿ ಬರ್ರಿ."

ಬೆನ್ನು ತಿರುಗಿಸಿ ಹೆಜ್ಜೆ ಹಾಕಿದೆ. ಮೆಲ್ಲಗೆ, ಬಹಳ ಮೆಲ್ಲಗೆ.

"ಅಂದಂಗ ತಂಗಿ..."

ತಿರುಗಿದೆ.

"ಈ ಎಡಗೈ ಮುಂಜಾನಿಂದ ಜೋಮು ಹಿಡದೈತಿ ನೋಡ್ರಿ. ಎದಿ ಮ್ಯಾಲ ಯಾರೋ ಕುಂತಂಗ ಆಗಾಕತ್ತೈತಿ. ಆ ಮಷೀನಿಗೂ ಹೇಳಿದ್ನಿ, ಎದ್ದು ನಿಂತ ಮ್ಯಾಲ."

"ಸುಲ್ತಾನಾ!" ಎಂದು ನಾನು ಕೂಗಿದ್ದಕ್ಕೆ ಇಡೀ ಹಾಲ್ ತಿರುಗಿ ನೋಡಿತು. ಗಾಲಿಕುರ್ಚಿ ಬಂತು. ಇಷ್ಟೆಲ್ಲ ಯಾಕ ಎಂದು ಹೊಳೆಯಪ್ಪನವರು ನಾಚಿಕೊಳ್ಳುತ್ತಲೇ ಒಳಗೆ ಹೋದರು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಸುಲ್ತಾನಾ ಮುಖ ಹೊರಗೆ ಹಾಕಿ, "ಹಾರ್ಟ್‌ದ ಐತ್ರಿ ಮೇಡಂ. ಔಷಧ ಶುರು ಮಾಡ್ಯಾರ. ಇನ್ನೊಂದು ತಾಸು ಇಲ್ಲೇ ಕುಂತಿದ್ರ ಕೈಗೆ ಸಿಗತಿರಲಿಲ್ಲ" ಎಂದಳು.

ಶಶಿಕಾಂತ ಗೋಡೆಗೆ ಒರಗಿ ನಿಂತಿದ್ದ. ಕಣ್ಣಲ್ಲಿ ನೀರಿತ್ತು. ನನಗೆ ಅವನ ಮೇಲೆ ಸಿಟ್ಟಿತ್ತು, ಕನಿಕರವೂ ಇತ್ತು. ಎರಡಕ್ಕೂ ಆಗ ಪುರಸೊತ್ತು ಇರಲಿಲ್ಲ. ಹಾಲಿನಲ್ಲಿ ಇನ್ನೂ ಹಸಿರು ಚೀಟಿಗಳಿದ್ದವು.

"ಅಳೂದು ಆಮ್ಯಾಲ" ಎಂದೆ. "ಆ ಸಾಲು ನಿಂದು, ಈ ಸಾಲು ನಂದು. ಒಬ್ಬೊಬ್ಬರ ಹತ್ರ ಕುಂತು ಮಾತಾಡು. ಊರು ಕೇಳು, ಮನಿ ಕೇಳು. ಆಮ್ಯಾಲ ಎದ್ದು ಬರ್ತೇನ್ರಿ ಅನ್ನು. ಅಂದು ಹೋಗಬ್ಯಾಡ. ನಿಂದ್ರು."

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಮೊದಲ ಬೆಂಚಿನ ಅಜ್ಜಿಯ ಪಕ್ಕದಲ್ಲಿ ಕೂತ. ಆರಾಮ ಅದೀರಿ ಎಂದ. ಅವಳು ಏನೋ ಹೇಳಿ ನಕ್ಕಳು. ಅವನೂ ನಗಲು ನೋಡಿದ. ಆಮೇಲೆ ಎದ್ದು, "ಬರ್ತೇನ್ರಿ ಅಮ್ಮಾರ" ಎಂದು ಬೆನ್ನು ತಿರುಗಿಸಿ, ಅಲ್ಲಿಯೇ ನಿಂತ.